ಕೈಗಡದ ಪ್ರತಿಕಾಯಗಳು

ಎರಡು ವರ್ಷದ ಕೂಸಿಗೆ ನಾಲ್ಕಾರು ದಿನದ ನೆಗಡಿಯಾಗಿ ಬಂದು ಹೋಗುವ ವೈರಸ್ಸು, ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ಕಸಿ ಮಾಡಿಸಿಕೊಂಡ ದೊಡ್ಡವನೊಬ್ಬನ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ ತಂದೀತು ಎಂಬುದನ್ನು ಬೆಂಗಳೂರಿನ ವೈದ್ಯರು ಕಸಿಗೆ ಮುಂಚೆಯೇ ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದ್ದರು. ಆ ವೈರಸ್ಸಿನ ಪೂರ್ಣ ಹೆಸರು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್. ಆಸ್ಪತ್ರೆಯಲ್ಲಿ ಎಲ್ಲರೂ ಆರ್‌ಎಸ್‌ವಿ ಎನ್ನುತ್ತಾರೆ. ಕಸಿಯಾಗಿ ಆರು ತಿಂಗಳು ಕಳೆದ ಮೇಲೆ, ಗಣೇಶನ ಹಬ್ಬಕ್ಕೆಂದು ತಂಗಿ ಮಗುವಿನೊಂದಿಗೆ ಗಂಗಾವತಿಗೆ ಬಂದುಹೋದ ವಾರದಲ್ಲಿ ಅದು ನನಗೆ ಅಂಟಿತು. ಅದಕ್ಕೆ ಕೊಟ್ಟ ಪ್ರತಿಕಾಯ (ರೋಗಾಣುಗಳನ್ನು ಹಿಡಿದು ನಿಲ್ಲಿಸುವ ರಕ್ತದ ಪ್ರೋಟೀನು) ಚಿಕಿತ್ಸೆಯನ್ನು ಯಾಕೆ ಕೊಟ್ಟರು, ಹೇಗೆ ಕೊಟ್ಟರು, ಅದರಿಂದ ಏನಾಯಿತು, ಏನಾಯಿತೆಂದು ಖಚಿತವಾಗಿ ಹೇಳಲು ಬಾರದ್ದು ಯಾವುದು ಎಂಬುದೆಲ್ಲ ನಮ್ಮ ಕಡೆಯ ಇನ್ನೊಂದು ಮನೆಯವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. 43ನೇ ವಯಸ್ಸಿನಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಪತ್ತೆಯಾಗಿ, ಕೀಮೋ ಮುಗಿದು, ಅಣ್ಣನ ಸ್ಟೆಮ್ ಸೆಲ್‌ಗಳನ್ನು ನನಗೆ ಕಸಿ ಮಾಡಿದರು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ತಿ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ತಂಗಿಯದು ಹೊಂದಲಿಲ್ಲ, ಅಣ್ಣನದು ಹೊಂದಿತು. ಕಸಿ ಹಿಡಿದ ಮೇಲೆ ನನ್ನ ರಕ್ತದ ಗುಂಪೂ ಬದಲಾಗಿ ಬಿ ಇದ್ದದ್ದು ಅಣ್ಣನ ಎ ಆಯಿತು. ಡ್ರೈವಿಂಗ್ ಲೈಸೆನ್ಸಿನಲ್ಲಿ ಅಚ್ಚಾಗಿರುವ ಗುಂಪು ಈಗ ನನ್ನದಲ್ಲ.

ಕಸಿ ಎಂದರೆ ಹೊಸ ರಕ್ತ ಏರಿಸುವುದು ಎಂದು ನಮ್ಮೂರಿನಲ್ಲಿ ಬಹಳ ಜನ ತಿಳಿದಿದ್ದಾರೆ. ನಡೆಯುವುದು ಅದಕ್ಕಿಂತ ಕಠೋರವಾದದ್ದು. ಮೊದಲು ಭಾರೀ ಪ್ರಮಾಣದ ಕೀಮೋ ಕೊಟ್ಟು ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡುತ್ತಾರೆ. ಅದರ ಜೊತೆಗೆ, ಚಿಕ್ಕಂದಿನಿಂದ ಬಂದುಹೋದ ಕಾಯಿಲೆಗಳಿಂದಲೂ ಹಾಕಿಸಿಕೊಂಡ ಲಸಿಕೆಗಳಿಂದಲೂ ದೇಹ ಕಲಿತಿಟ್ಟಿದ್ದ ರಕ್ಷಣೆ ಬಹುಮಟ್ಟಿಗೆ ಅಳಿದುಹೋಗುತ್ತದೆ. ದಾನಿಯ ಕೋಶಗಳು ನೆಲೆಯೂರಿ ಬ್ಯಾಕ್ಟೀರಿಯಾಗಳನ್ನು ಎದುರಿಸುವ ನ್ಯೂಟ್ರೋಫಿಲ್‌ಗಳು ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳು ನೆಟ್ಟಗೆ ಕೆಲಸಕ್ಕೆ ಬರಲು ತಿಂಗಳುಗಳೇ ಬೇಕು, ಕೆಲವರಲ್ಲಿ ವರ್ಷವೂ ಮೀರುತ್ತದೆ. ಇದರ ಮೇಲೆ ನನಗೆ ಗ್ರಾಫ್ಟ್ ವರ್ಸಸ್ ಹೋಸ್ಟ್ ಕಾಯಿಲೆ, ಅಂದರೆ ದಾನಿಯ ಕೋಶಗಳು ಕಸಿ ಪಡೆದವನ ದೇಹವನ್ನೇ ಪರಕೀಯವೆಂದು ಬಗೆದು ದಾಳಿ ಮಾಡುವ ತೊಂದರೆ, ಚರ್ಮದ ಮೇಲೆ ಕಾಣಿಸಿಕೊಂಡಿತ್ತು. ಅದನ್ನು ಅಡಗಿಸಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮತ್ತು ಸೈಕ್ಲೋಸ್ಪೊರಿನ್ ಮಾತ್ರೆಗಳು ನಡೆದಿದ್ದವು. ಒಂದು ಕಡೆ ರಕ್ಷಣೆ ಇನ್ನೂ ಹುಟ್ಟಿಲ್ಲ, ಇನ್ನೊಂದು ಕಡೆ ಹುಟ್ಟುತ್ತಿರುವುದನ್ನು ಮಾತ್ರೆ ಕೊಟ್ಟು ತಗ್ಗಿಸಬೇಕಾದ ಸ್ಥಿತಿ. ಆ ದಿನಗಳಲ್ಲಿ ನನ್ನ ರಕ್ತದಲ್ಲಿ ಐಜಿಜಿ ಎಂಬ ಮುಖ್ಯ ಜಾತಿಯ ಪ್ರತಿಕಾಯದ ಮಟ್ಟ ಒಂದು ಡೆಸಿಲೀಟರಿಗೆ 310 ಮಿಲಿಗ್ರಾಂ ಇತ್ತು. ಆರೋಗ್ಯವಂತರಲ್ಲಿ ಅದು ಸುಮಾರು 700ರಿಂದ 1600ರವರೆಗೆ ಇರುತ್ತದೆ. 400ಕ್ಕಿಂತ ಕೆಳಗೆ ಇಳಿದರೆ ಹೊರಗಿನಿಂದ ಕೊಡುವ ವಿಚಾರ ಮಾಡುತ್ತಾರೆ.

ಶುರುವಾದದ್ದು ಬರೀ ಮೂಗು ಸೋರುವುದರಿಂದ. ಮರುದಿನ ಒಣಕೆಮ್ಮು, ಸಂಜೆಗೆ 100.6 ಡಿಗ್ರಿ ಜ್ವರ. ಬೇರೆಯವರಾದರೆ ಕಷಾಯ ಕುಡಿದು ಮಲಗುವ ಮಟ್ಟದ್ದು. ಆದರೆ 100.4 ದಾಟಿದರೆ ಹೊತ್ತು ನೋಡದೆ ಫೋನ್ ಮಾಡಬೇಕೆಂದು ಕಸಿ ವಿಭಾಗದವರು ಬರೆದುಕೊಟ್ಟ ಹಾಳೆ ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿತ್ತು. ಹೆಂಡತಿ ಫೋನ್ ಮಾಡಿದಳು. ಅತ್ತ ಕಡೆಯಿಂದ ಎರಡೇ ಪ್ರಶ್ನೆ ಕೇಳಿ, ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ ಕೇಳಿಕೊಂಡು, ರಾತ್ರಿಯೇ ಹೊರಟು ಬನ್ನಿ ಎಂದರು. ಬಸ್ಸು ರೈಲು ಬೇಡ ಎಂದೂ ಹೇಳಿದರು. ಬಾಡಿಗೆ ಕಾರಿನಲ್ಲಿ ಹೊಸಪೇಟೆ, ಚಿತ್ರದುರ್ಗದ ದಾರಿ ಹಿಡಿದು ಬೆಳಗಿನ ಜಾವ ಬೆಂಗಳೂರು ಸೇರಿದೆವು.

ಅಲ್ಲಿ ಮೂಗಿನ ಆಳದಿಂದ ಕಡ್ಡಿಯಲ್ಲಿ ಸ್ರಾವ ತೆಗೆದು, ಒಂದೇ ಸಲಕ್ಕೆ ಹಲವು ವೈರಸ್ಸುಗಳನ್ನು ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸಿದರು. ಈ ಪರೀಕ್ಷೆ ದುಬಾರಿ, ಆದರೆ ಕಸಿಯಾದವರಿಗೆ ಇದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಫ್ಲೂ ಎಂದಾದರೆ ಒಸೆಲ್ಟಾಮಿವಿರ್ ಇದೆ, ಕೋವಿಡ್ ಎಂದಾದರೆ ಬೇರೆ ದಾರಿ ಇದೆ, ಪ್ಯಾರಾಇನ್‌ಫ್ಲುಯೆಂಜಾ ಅಥವಾ ಮೆಟಾನ್ಯುಮೋವೈರಸ್ ಎಂದಾದರೆ ಅದಕ್ಕೆಂದೇ ಮಾನ್ಯತೆ ಪಡೆದ ಔಷಧವೇ ಇಲ್ಲ. ನನ್ನದರಲ್ಲಿ ಬಂದದ್ದು ಆರ್‌ಎಸ್‌ವಿ. ಎದೆಯ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶ ಇನ್ನೂ ತಿಳಿಯಾಗಿತ್ತು. ಅಂದರೆ ವೈರಸ್ಸು ಮೂಗು ಗಂಟಲಿನಲ್ಲಿದೆ, ಕೆಳಗೆ ಇಳಿದಿಲ್ಲ. ಇಳಿಯದಂತೆ ತಡೆಯುವುದಕ್ಕೆ ಇರುವುದು ಇದೊಂದೇ ಸಮಯ.

ಇಳಿಯುವ ಸಂಭವ ಎಷ್ಟು ಎಂದು ಅಂದಾಜು ಮಾಡಲು ವೈದ್ಯರು ಒಂದು ಅಂಕಪಟ್ಟಿಯನ್ನು ಬಳಸಿದರು. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು 2014ರಲ್ಲಿ ಪ್ರಕಟಿಸಿದ ಪಟ್ಟಿ ಅದು. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆಯಿದ್ದರೆ 3 ಅಂಕ, ಲಿಂಫೋಸೈಟ್ (ಬಿ, ಟಿ ಕೋಶಗಳು ಸೇರಿದ ಬಿಳಿ ರಕ್ತಕಣ) 200ಕ್ಕಿಂತ ಕಡಿಮೆಯಿದ್ದರೆ 3, ವಯಸ್ಸು 40 ಮುಟ್ಟಿದ್ದರೆ 2, ಮಜ್ಜೆಯನ್ನು ಪೂರ್ತಿ ಬರಿದು ಮಾಡುವ ಕೀಮೋ ಆಗಿದ್ದರೆ 1, ಗ್ರಾಫ್ಟ್ ವರ್ಸಸ್ ಹೋಸ್ಟ್ ಕಾಯಿಲೆಗೆ 1, ಸ್ಟೀರಾಯ್ಡಿಗೆ 1, ಕಸಿ ತೀರ ಇತ್ತೀಚಿನದಾದರೆ 1, ಒಟ್ಟು 12. ಲೆಕ್ಕದವನಾದ ನಾನು ವೈದ್ಯರಿಗಿಂತ ಮೊದಲೇ ಕೂಡಿಸಿ ಐದು ಎಂದೆ. ಮೂರರಿಂದ ಆರು ಮಧ್ಯಮ ಅಪಾಯ. ಬರೀ ನೋಡುತ್ತ ಕೂರುವಷ್ಟು ಕಡಿಮೆಯೂ ಅಲ್ಲ, ಎದೆಗುಂದುವಷ್ಟು ಹೆಚ್ಚೂ ಅಲ್ಲ.

ಇಲ್ಲಿಂದ ಮುಂದಿನ ಮಾತುಕತೆಯನ್ನು ನಾನು ಗಮನವಿಟ್ಟು ಕೇಳಿದೆ. “ನಿಮ್ಮ ವೈರಸ್ಸಿಗೆಂದೇ ಹೇಳಿ ಮಾಡಿಸಿದಂಥ ಪ್ರತಿಕಾಯ ಜಗತ್ತಿನಲ್ಲಿ ಇದೆ, ಆದರೆ ಅದನ್ನು ಮಾಡಿರುವುದು ಕೂಸುಗಳಿಗೆ” ಎಂದರು ವೈದ್ಯರು. ಪಾಲಿವಿಜುಮಾಬ್ ಎಂಬ ಆ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ವೈರಸ್ಸು ನಮ್ಮ ಕೋಶಕ್ಕೆ ಬೆಸೆದುಕೊಳ್ಳಲು ಬಳಸುವ ಎಫ್ ಪ್ರೋಟೀನನ್ನು ಅದು ಹಿಡಿದು ನಿಲ್ಲಿಸುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೂ ಹೃದಯ, ಶ್ವಾಸಕೋಶದ ತೊಂದರೆ ಇರುವ ಶಿಶುಗಳಿಗೂ ಸೋಂಕು ಬರುವ ಮುನ್ನ ತಿಂಗಳಿಗೊಮ್ಮೆ ಸ್ನಾಯುವಿಗೆ ಚುಚ್ಚುವಂಥದ್ದು ಅದು. ಅದರ ಪ್ರಮಾಣ ದೇಹದ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ. ಆಗ ನನ್ನ ತೂಕ 52 ಕಿಲೋ. ಅಂದರೆ 780 ಮಿಲಿಗ್ರಾಂ, 100 ಮಿಲಿಗ್ರಾಮಿನ ಎಂಟು ಸೀಸೆಗಳು. ಬೆಲೆಯ ಮಾತು ಹಾಗಿರಲಿ, ಸೋಂಕು ತಗುಲಿದ ಮೇಲೆ ಕಸಿಯಾದ ದೊಡ್ಡವರಿಗೆ ಕೊಟ್ಟು ನೋಡಿದ ಸಣ್ಣ ಅಧ್ಯಯನಗಳಲ್ಲಿ ಸ್ಪಷ್ಟವಾದ ಲಾಭ ಕಾಣಲಿಲ್ಲ. ಒಂದೇ ಚುಚ್ಚುಮದ್ದಿಗೆ ಸುಮಾರು ಐದು ತಿಂಗಳು ರಕ್ಷಣೆ ಕೊಡುವ ನಿರ್ಸೆವಿಮಾಬ್ 2022ರಲ್ಲಿ ಯುರೋಪಿನಲ್ಲೂ 2023ರಲ್ಲಿ ಅಮೆರಿಕದಲ್ಲೂ ಬಂದಿದೆ, ಅದೂ ಶಿಶುಗಳಿಗೇ.

ಒಂದೇ ಗುರಿಯ ಇಂಥ ಪ್ರತಿಕಾಯಗಳ ವಿಷಯದಲ್ಲಿ ಇನ್ನೊಂದು ಪಾಠ ಕೋವಿಡ್ ಕಾಲದ್ದು. 2021ರ ಮೇ ತಿಂಗಳಲ್ಲಿ ನಮ್ಮ ದೇಶಕ್ಕೆ ಬಂದ ಕ್ಯಾಸಿರಿವಿಮಾಬ್ ಮತ್ತು ಇಮ್ಡೆವಿಮಾಬ್ ಎಂಬ ಜೋಡಿ ಔಷಧಕ್ಕೆ ಒಬ್ಬ ರೋಗಿಗೆ 59,750 ರೂಪಾಯಿ ದರವಿತ್ತು. ವರ್ಷ ತುಂಬುವುದರೊಳಗೆ ಓಮಿಕ್ರಾನ್ ಬಂದು ಅದನ್ನು ನಿಷ್ಪ್ರಯೋಜಕ ಮಾಡಿತು. ನಮ್ಮಂಥ, ಲಸಿಕೆ ಹಾಕಿದರೂ ಪ್ರತಿಕಾಯ ಹುಟ್ಟದವರಿಗೆಂದೇ ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ ಅನುಮತಿ ಪಡೆದ ಮತ್ತೊಂದು ಜೋಡಿಯನ್ನು 2023ರ ಜನವರಿಯಲ್ಲಿ ನಿಲ್ಲಿಸಬೇಕಾಯಿತು. ಗುರಿ ಎಷ್ಟು ಕರಾರುವಾಕ್ಕೋ, ವೈರಸ್ಸು ರೂಪ ಬದಲಿಸಿದಾಗ ಅದು ತಪ್ಪುವುದೂ ಅಷ್ಟೇ ಸುಲಭ.

ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಐವಿಐಜಿ, ಅಂದರೆ ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್. ಜೊತೆಗೆ ರಿಬಾವಿರಿನ್ ಎಂಬ ಹಳೆಯ ವೈರಸ್ ನಿರೋಧಕದ ಕ್ಯಾಪ್ಸೂಲುಗಳು. ಐವಿಐಜಿಯನ್ನು ಸಾವಿರಾರು ಜನರ ಪ್ಲಾಸ್ಮಾವನ್ನು, ಅಂದರೆ ರಕ್ತದ ದ್ರವಭಾಗವನ್ನು, ಒಟ್ಟುಗೂಡಿಸಿ, ಶುದ್ಧೀಕರಿಸಿ, ಅದರಲ್ಲಿರುವ ಐಜಿಜಿಯನ್ನು ಮಾತ್ರ ಬೇರ್ಪಡಿಸಿ ತಯಾರಿಸುತ್ತಾರೆ. ಆರ್‌ಎಸ್‌ವಿ ಬಾರದೆ ದೊಡ್ಡವರಾದವರು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಆ ಪ್ಲಾಸ್ಮಾದಲ್ಲಿ ಅದರ ವಿರುದ್ಧದ ಪ್ರತಿಕಾಯ ಇದ್ದೇ ಇರುತ್ತದೆ. ಫ್ಲೂ, ದಡಾರ, ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಹೀಗೆ ನೂರಾರು ಬಗೆಯವೂ ಜೊತೆಗಿರುತ್ತವೆ. 1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಒಂದು ಪ್ರಾಣಿಯ ರಕ್ತದ್ರವದಿಂದ ಇನ್ನೊಂದನ್ನು ಕಾಪಾಡಬಹುದೆಂದು ತೋರಿಸಿದ ಹಳೆಯ ತತ್ತ್ವವೇ ಇದು. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಇದು ಕೈಗಡ: ಇಂದಿನ ಖರ್ಚಿಗೆ ಒದಗುತ್ತದೆ, ಆದರೆ ದುಡಿಮೆಯಲ್ಲ. ಐಜಿಜಿಯ ಅರ್ಧಾಯುಷ್ಯ ಸುಮಾರು ಮೂರು ವಾರ. ಅಷ್ಟರಲ್ಲಿ ಕೊಟ್ಟದ್ದರ ಅರ್ಧ ಕರಗಿರುತ್ತದೆ, ದೇಹ ಅದರಿಂದ ತಾನೇನೂ ಕಲಿತಿರುವುದಿಲ್ಲ.

ವೈದ್ಯರು ಒಂದು ಮಾತನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಕಸಿಯಾದವರಲ್ಲಿ ಉಸಿರಾಟದ ವೈರಸ್ ಸೋಂಕಿಗೆ ಐವಿಐಜಿ ಕೊಟ್ಟರೆ ಹೆಚ್ಚು ಜನ ಬದುಕುತ್ತಾರೆಂದು ಸಾಬೀತು ಮಾಡುವ ದೊಡ್ಡ ಪ್ರಯೋಗ ಯಾವುದೂ ಇಲ್ಲ. ಐಜಿಜಿ ರಕ್ತದಲ್ಲಿ ಹರಿದು ಶ್ವಾಸಕೋಶದ ಆಳಕ್ಕೆ ತಲುಪುತ್ತದೆ. ಮೂಗಿನ ಒಳಪದರವನ್ನು ಮುಖ್ಯವಾಗಿ ಕಾಯುವುದು ಐಜಿಎ ಎಂಬ ಬೇರೆ ಜಾತಿ, ಅದು ಈ ಬಾಟಲಿಯಲ್ಲಿ ಇಲ್ಲವೆಂದೇ ಹೇಳಬೇಕು. ಕೋಶದೊಳಗೆ ಹೊಕ್ಕ ವೈರಸ್ಸನ್ನು ಮುಗಿಸಲು ಟಿ ಕೋಶಗಳೇ ಬೇಕು, ಅವೂ ಈ ಬಾಟಲಿಯಲ್ಲಿ ಇಲ್ಲ. ಆದರೂ ನನ್ನ ಐಜಿಜಿ 400ಕ್ಕಿಂತ ಕೆಳಗಿದ್ದದ್ದರಿಂದ ಕೊಡುವುದಕ್ಕೆ ಕಾರಣವಿದೆ ಎಂಬುದು ಅವರ ತೀರ್ಮಾನ. ಆರ್‌ಎಸ್‌ವಿಯ ಹಿಂದೆಯೇ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾದ ವಿರುದ್ಧವೂ ಅದು ಒಂದಿಷ್ಟು ಆಸರೆ. ನಾವು ಸಹಿ ಮಾಡಿದೆವು.

ಕಿಲೋಗೆ 0.4 ಗ್ರಾಮಿನಂತೆ ನನಗೆ 20 ಗ್ರಾಂ, ಅಂದರೆ 100 ಮಿಲಿಲೀಟರಿನಲ್ಲಿ 5 ಗ್ರಾಂ ಇರುವ ನಾಲ್ಕು ಗಾಜಿನ ಬಾಟಲಿಗಳು. ಫ್ರಿಜ್ಜಿನಿಂದ ತೆಗೆದ ಬಾಟಲಿಗಳನ್ನು ನರ್ಸ್ ಸಿಸ್ಟರ್ ಟ್ರೇಯಲ್ಲಿ ಸಾಲಾಗಿ ಇಟ್ಟು, ಕೋಣೆಯ ಬಿಸುಪಿಗೆ ಬರುವವರೆಗೂ ಮುಟ್ಟಲಿಲ್ಲ. ಬಳಿಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಒಳಗೆ ಕಣ ಅಥವಾ ಮಸುಕು ಇದೆಯೇ ಎಂದು ನಿಧಾನಕ್ಕೆ ಓರೆ ಮಾಡಿ ನೋಡಿದರು. ಪಕ್ಕದಲ್ಲಿದ್ದ ಕಲಿಕೆಯ ಹುಡುಗಿ ಇನ್ನೊಂದನ್ನು ತೆಗೆದುಕೊಂಡು ಕುಲುಕಲು ಹೋದಾಗ ತಡೆದು, “ಅಲ್ಲಾಡಿಸಬೇಡಮ್ಮ, ನೊರೆ ಬಂದರೆ ಪ್ರೋಟೀನ್ ಕೆಡುತ್ತೆ” ಎಂದರು. ಬಾಟಲಿಯ ಮೇಲಿನ ಬ್ಯಾಚ್ ನಂಬರಿನ ಚೀಟಿಯನ್ನು ಕಿತ್ತು ನನ್ನ ಕಡತಕ್ಕೆ ಅಂಟಿಸಿದರು. ಮುಂದೆ ಏನಾದರೂ ತೊಂದರೆ ಕಂಡರೆ ಯಾವ ತಯಾರಿಕೆಯದು ಎಂದು ಹುಡುಕಲು ಅದೇ ಸುಳಿವು. ಮೊದಲು ಪ್ಯಾರಸಿಟಮಾಲ್ ಮತ್ತು ಅಲರ್ಜಿ ತಡೆಯುವ ಇಂಜೆಕ್ಷನ್. ಆಮೇಲೆ ಪಂಪಿನಲ್ಲಿ ಗಂಟೆಗೆ 25 ಮಿಲಿಲೀಟರಿನಂತೆ ಆರಂಭ. ಹದಿನೈದು ನಿಮಿಷಕ್ಕೊಮ್ಮೆ ಬಿಪಿ, ನಾಡಿ, ಜ್ವರ ನೋಡಿ, ಏನೂ ಇಲ್ಲವೆಂದಾದರೆ ಅರ್ಧ ಗಂಟೆಗೊಮ್ಮೆ ವೇಗ ಹೆಚ್ಚಿಸುವುದು.

ಎರಡನೇ ಬಾಟಲಿಯ ನಡುವೆ ನನಗೆ ಸೊಂಟದಿಂದ ಮೇಲಕ್ಕೆ ನಡುಕ ಹತ್ತಿತು. ಹಲ್ಲು ಕಟಕಟ ಎನ್ನುವಷ್ಟು ಚಳಿ. ಪಂಪ್ ನಿಲ್ಲಿಸಿ, ಇನ್ನೊಂದು ಇಂಜೆಕ್ಷನ್ ಕೊಟ್ಟು, ಹೊದಿಕೆ ಹೊದಿಸಿ, ನಡುಕ ಇಳಿದ ಮೇಲೆ ಮೊದಲಿನ ನಿಧಾನಗತಿಯಲ್ಲೇ ಮತ್ತೆ ಆರಂಭಿಸಿದರು. ಇದು ಔಷಧದ ದೋಷಕ್ಕಿಂತ ಹೆಚ್ಚಾಗಿ ವೇಗದ ದೋಷ. ಸೋಂಕು ಇರುವಾಗ, ಮೊದಲ ಸಲ ಪಡೆಯುವವರಲ್ಲಿ ಹೆಚ್ಚು. ಮಾರನೆಯ ದಿನ ಹಣೆಯಿಂದ ಕುತ್ತಿಗೆಯವರೆಗೆ ತಲೆನೋವು ಹಿಡಿದಿತ್ತು. ನೀರು ಹೆಚ್ಚು ಕುಡಿಯಲು ಹೇಳಿದ್ದಕ್ಕೆ ಅದೊಂದೇ ಕಾರಣವಲ್ಲ: ಮೂತ್ರಪಿಂಡಕ್ಕೂ, ರಕ್ತ ಹೆಪ್ಪುಗಟ್ಟದಿರುವುದಕ್ಕೂ ಅದು ಬೇಕು, ಸೈಕ್ಲೋಸ್ಪೊರಿನ್ ನುಂಗುವವನಿಗಂತೂ ಇನ್ನೂ ಬೇಕು.

ಹಿಮೋಗ್ಲೋಬಿನ್ನನ್ನು ದಿನವೂ ನೋಡುತ್ತಿದ್ದರು. ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ ಎಂಬುದು ಒಂದು ಕಾರಣ. ಸಾವಿರಾರು ಜನರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಗುಂಪುಗಳ ವಿರುದ್ಧದ ಪ್ರತಿಕಾಯಗಳೂ ಅಲ್ಪಸ್ವಲ್ಪ ಉಳಿದಿರುತ್ತವೆ, ನನ್ನದೋ ಈಗ ಅಣ್ಣನಿಂದ ಬಂದ ಎ ಗುಂಪು ಎಂಬುದು ಎರಡನೆಯದು. 9.8 ಇದ್ದದ್ದು 8.6ಕ್ಕೆ ಇಳಿದು ಅಲ್ಲಿಯೇ ನಿಂತಿತು, ರಕ್ತ ಏರಿಸುವ ಪ್ರಮೇಯ ಬರಲಿಲ್ಲ. ಕೆಮ್ಮು ವಾರದ ಮೇಲೂ ಇತ್ತು, ಆದರೆ ಆಕ್ಸಿಜನ್ 95ರ ಕೆಳಗೆ ಇಳಿಯಲಿಲ್ಲ, ಎರಡನೇ ಸ್ಕ್ಯಾನಿನಲ್ಲೂ ಶ್ವಾಸಕೋಶ ತಿಳಿಯಾಗಿಯೇ ಇತ್ತು. ಕಾಪಾಡಿದ್ದು ಐವಿಐಜಿಯೋ, ರಿಬಾವಿರಿನ್ನೋ, ಸ್ಟೀರಾಯ್ಡ್ ಇಳಿಸಿದ್ದೋ ಅಥವಾ ಅಣ್ಣನ ಕೋಶಗಳು ಅಷ್ಟು ಹೊತ್ತಿಗೆ ಕಲಿತಿದ್ದ ಅಷ್ಟಿಷ್ಟು ಕೆಲಸವೋ ಎಂದು ಕೇಳಿದೆ. “ಒಬ್ಬನೇ ರೋಗಿಯಲ್ಲಿ ಅದನ್ನು ಬಿಡಿಸಿ ಹೇಳಲು ಆಗದು” ಎಂದರು. ಊರಿಗೆ ಬಂದ ಮೇಲೆ ನೆಂಟರೆಲ್ಲ “ಆ ಬಾಟ್ಲಿನ ಉಳಿಸ್ತು ನೋಡ್ರಿ” ಎಂದು ಒಂದೇ ತೀರ್ಪು ಕೊಟ್ಟರು. ನಾನು ವಾದಿಸಲು ಹೋಗಲಿಲ್ಲ.

ನಾಲ್ಕು ವಾರದ ಮೇಲೆ ಐಜಿಜಿ ಮತ್ತೆ ಇಳಿಯುವ ಹೊತ್ತಿಗೆ ಇನ್ನೊಂದು ಸುತ್ತು ಬೇಕಾಯಿತು. ಅದಕ್ಕೆ ಬೆಂಗಳೂರಿನವರೆಗೆ ಹೋಗುವುದು ಬೇಡವೆಂದು, ಪತ್ರ ಬರೆದುಕೊಟ್ಟು, ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರ ಡೇ ಕೇರ್‌ನಲ್ಲಿ ಏರ್ಪಾಡು ಮಾಡಿದರು. ಅಲ್ಲಿ ಕಷ್ಟವಾದದ್ದು ಚಿಕಿತ್ಸೆಯಲ್ಲ, ಬಾಟಲಿ ತರುವುದು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಅಣ್ಣ ಸಗಟು ಔಷಧ ಅಂಗಡಿಯಿಂದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತರುವಾಗ, ಐಸ್ ಪ್ಯಾಕು ನೇರವಾಗಿ ಗಾಜಿಗೆ ತಾಗದಂತೆ ನಡುವೆ ಮಡಿಸಿದ ಟವೆಲ್ ಇಟ್ಟುಕೊಂಡು ಬಂದಿದ್ದ. ಬಾಟಲಿಯ ಮೇಲೆ ಅಚ್ಚಾದ ದರಕ್ಕೂ ಅಂಗಡಿಯವರು ಬಿಲ್ಲಿನಲ್ಲಿ ಹಾಕಿದ ದರಕ್ಕೂ ಸಾವಿರಗಟ್ಟಲೆ ಅಂತರವಿತ್ತು, ಆದ್ದರಿಂದ ಕೊಳ್ಳುವವರು ಎರಡು ಕಡೆ ವಿಚಾರಿಸುವುದು ಒಳ್ಳೆಯದು. ವಿಮಾ ಕಂಪನಿಯವರು ರಾತ್ರಿ ತಂಗದ ಚಿಕಿತ್ಸೆ ಎಂಬ ನೆಪ ಹೇಳಿ ಆ ಬಿಲ್ಲನ್ನು ಹಿಂದಿರುಗಿಸಿದರು; ಮೇಲ್ಮನವಿ ಹಾಕಿದ್ದೇನೆ, ಇನ್ನೂ ಉತ್ತರವಿಲ್ಲ.

ಆ ಸುತ್ತಿನ ನಂತರ ಒಂದು ಗಾಬರಿಯೂ ಆಯಿತು. ಮಾಮೂಲಿ ತಪಾಸಣೆಗೆಂದು ಸ್ಥಳೀಯ ಪ್ರಯೋಗಾಲಯದಲ್ಲಿ ಕೊಟ್ಟ ರಕ್ತದಲ್ಲಿ ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿನ ವಿರುದ್ಧದ ಕೋರ್ ಪ್ರತಿಕಾಯ ಪಾಸಿಟಿವ್ ಎಂದು ಬಂತು. ಬಾಟಲಿಯಿಂದಲೇ ಕಾಮಾಲೆ ಅಂಟಿತೆಂದು ನನ್ನ ಹೆಂಡತಿ ಊಟ ಬಿಟ್ಟು ಕೂತಳು. ಬೆಂಗಳೂರಿಗೆ ವರದಿ ಕಳಿಸಿದಾಗ ತಿಳಿದದ್ದೇನೆಂದರೆ, ಪ್ಲಾಸ್ಮಾ ಕೊಟ್ಟವರಲ್ಲಿ ಯಾರಿಗೋ ಹಿಂದೆಂದೋ ಆ ಸೋಂಕು ಬಂದು ವಾಸಿಯಾಗಿದ್ದರೆ ಅವರ ಪ್ರತಿಕಾಯ ಬಾಟಲಿಯ ಮೂಲಕ ನಮ್ಮ ರಕ್ತಕ್ಕೆ ಬಂದು ಪರೀಕ್ಷೆಯಲ್ಲಿ ಕಾಣುತ್ತದೆ, ವೈರಸ್ಸು ಬಂದಿರುವುದಿಲ್ಲ. ಮೇಲ್ಮೈ ಆಂಟಿಜನ್ ಮತ್ತು ವೈರಸ್ಸಿನ ಡಿಎನ್‌ಎ ಪರೀಕ್ಷೆ ಎರಡೂ ನೆಗೆಟಿವ್ ಬಂದವು, ಕೆಲವು ತಿಂಗಳ ಮೇಲೆ ಆ ಕೋರ್ ಪ್ರತಿಕಾಯವೂ ಕರಗಿಹೋಯಿತು. ಐವಿಐಜಿ ಪಡೆದವರು ಪ್ರತಿಕಾಯ ನೋಡುವ ಯಾವ ಪರೀಕ್ಷೆ ಮಾಡಿಸಿದರೂ ಅದನ್ನು ಪಡೆದ ತಾರೀಕನ್ನು ಪ್ರಯೋಗಾಲಯದ ಚೀಟಿಯ ಮೇಲೆಯೇ ಬರೆಸುವುದು ಮೇಲು.

ಮನೆಯೊಳಗಿನ ಶಿಸ್ತು ಔಷಧಕ್ಕಿಂತ ಕಷ್ಟದ್ದು. ಕಾಯಿಲೆಯವರನ್ನು ಮಾತಾಡಿಸಿಕೊಂಡು ಹೋಗದಿದ್ದರೆ ನಮ್ಮ ಕಡೆ ಸಂಬಂಧವೇ ಕೆಟ್ಟ ಹಾಗೆ. ಬಂದವರನ್ನು ಒಳಗೆ ಕರೆಯದಿದ್ದರೆ ಇನ್ನೂ ಕೆಟ್ಟದ್ದು. “ಯಾಕ್ರೀ, ಒಳಗ ಕರೀವಲ್ರಿ?” ಎಂದು ಮೋರೆ ಸಣ್ಣದು ಮಾಡಿಕೊಂಡವರಿದ್ದಾರೆ. ಕೊನೆಗೆ ಅಂಗಳದ ಬೇವಿನ ಮರದ ಕಟ್ಟೆಯನ್ನೇ ಪಡಸಾಲೆ ಮಾಡಿಕೊಂಡೆವು, ಚಹಾ ಅಲ್ಲಿಗೇ ಬರುತ್ತದೆ, ಮಾಸ್ಕ್ ಹಾಕಿಕೊಂಡು ನಾನು ಆರಡಿ ದೂರದ ಕುರ್ಚಿಯಲ್ಲಿ. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡರು. ನೆಗಡಿ ಇರುವ ಮಕ್ಕಳು ವಾಸಿಯಾಗುವವರೆಗೆ ಬರುವುದಿಲ್ಲ. ತಂಗಿಗೆ ಇದನ್ನು ಹೇಳುವಾಗ ಅವಳ ಮಗನ ಹೆಸರೆತ್ತದೆ ಹೇಳಿದೆ, ಅವಳಿಗೆ ಹೇಗೂ ಗೊತ್ತಿತ್ತು.

ಕಸಿಯಾಗಿ ವರ್ಷ ತುಂಬಿದ ಮೇಲೆ, ಕೊಟ್ಟದ್ದೆಲ್ಲ ಇಳಿದುಹೋಗಿರಬೇಕಾದ ಹೊತ್ತಿನಲ್ಲಿ ಐಜಿಜಿ 480 ಬಂತು, ಅದರ ಮುಂದಿನ ಸಲ 530. ಅಂದರೆ ಅಣ್ಣನ ಬಿ ಕೋಶಗಳು ದುಡಿಯಲು ಹತ್ತಿವೆ; ಐವಿಐಜಿ ನಿಲ್ಲಿಸಿದ್ದಾರೆ. ನ್ಯುಮೋಕಾಕಸ್, ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳನ್ನು ಕೂಸಿಗೆ ಹಾಕುವ ಹಾಗೆ ಮೊದಲಿನಿಂದ ಹಾಕುತ್ತಿದ್ದಾರೆ. ದಡಾರದಂಥ ಜೀವಂತ ಲಸಿಕೆಗೆ ಕಸಿಯಾಗಿ ಎರಡು ವರ್ಷ ಕಳೆದಿರಬೇಕು, ಸ್ಟೀರಾಯ್ಡ್ ನಿಂತಿರಬೇಕು, ಕೊನೆಯ ಐವಿಐಜಿಯಿಂದ ಎಂಟು ತಿಂಗಳಾದರೂ ಆಗಿರಬೇಕು. ಆರ್‌ಎಸ್‌ವಿ ಬಂದುಹೋದವರಲ್ಲಿ ಶ್ವಾಸನಾಳಗಳು ಮೆಲ್ಲಗೆ ಕಿರಿದಾಗುವ ತೊಂದರೆ ಮುಂದೆ ಕಾಣಿಸಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ಊದುವ ಪರೀಕ್ಷೆ ಇದೆ. ಕಳೆದ ಸಲದ ಅಂಕಿ ಕಸಿಗೆ ಮೊದಲಿನದಕ್ಕಿಂತ ತುಸು ಕಡಿಮೆ, ಅದರ ಹಿಂದಿನದಕ್ಕೆ ಸಮ. ಭತ್ತದ ಧೂಳಿನಲ್ಲಿ ಬೂಷ್ಟು ಇರುತ್ತದೆಂದು ಗಿರಣಿಗೆ ಹೋಗಲು ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಮಾಲೀಕರು ಖಾತೆ ಪುಸ್ತಕಗಳನ್ನು ಸಂಜೆ ಹುಡುಗನ ಕೈಯಲ್ಲಿ ಕಟ್ಟೆಗೆ ಕಳಿಸುತ್ತಾರೆ, ಹೆಂಡತಿ ಒಣಬಟ್ಟೆಯಲ್ಲಿ ಒರೆಸಿ ಒಳಗೆ ತರುತ್ತಾಳೆ, ಸುಗ್ಗಿಯ ಲೆಕ್ಕ ಈ ವರ್ಷ ಮನೆಯಿಂದಲೇ ನಡೆದಿದೆ.